ಬೂದಿಮಣ್ಣಿನ ಹೆದ್ದಾರಿ – ಕಂತು ಒಂಬತ್ತು: ಪಾರಾ

ರೋವೆನಾಳ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಟ್ಟಿತು.

"ಇನ್ನೊಂದು ಸಲ ಹಾಕು, ಸಿಸ್ಟರ್," ಅಂದಳು.

ಫೆಲ್ಸಿ ಮೊಬೈಲನ್ನು ಅವಳ ಕಡೆಗೆ ಸರಿಸಿ ಮತ್ತೆ ಒತ್ತಿದಳು. ಅಬುಧಾಬಿಯ ಖಾಲಿದಿಯಾ ಬಡಾವಣೆಯ ಆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಮಧ್ಯಾಹ್ನದ ಗದ್ದಲ ಇಳಿದಿತ್ತು. ಕಿಟಕಿಯಾಚೆ ಧೂಳಿನ ಮಬ್ಬು ಕವಿದು, ಎದುರಿನ ಕಟ್ಟಡಗಳು ನೀರಿಗೆ ಬಿದ್ದ ಕಾಗದದ ಹಾಗೆ ಮಾಸಿ ಕಾಣುತ್ತಿದ್ದವು.

ಮೊದಲು ಬರೀ ಗಾಳಿ. ಆಮೇಲೆ ತಗಡಿನ ಮೇಲೆ ಏನೋ ಬಡಿದ ಸದ್ದು, ಟಕ್ ಟಕ್. ಅದರ ಬೆನ್ನಿಗೇ ಒಬ್ಬ ಗಂಡಸಿನ ಕೂಗು.

"ಪಾರಾ! ಕುಯಾ, ಪಾರಾ!"

ಅಷ್ಟೇ. ಐದು ತಿಂಗಳ ಹಿಂದೆ ಫಿಲಿಪೈನ್ಸಿನ ಸಾನ್ ಎಲಿಯಾಸ್ ಟೋಲ್ ಹೆದ್ದಾರಿಯ ಕೆಲಸದ ಜಾಗದಿಂದ ಎಂಜಿನಿಯರ್ ರಿತೇಶ್ ದುಬೈಯಲ್ಲಿದ್ದ ಹೆಂಡತಿಗೆ ಕಳಿಸಿದ ಕೊನೆಯ ವಾಯ್ಸ್ ಮೆಸೇಜ್ ಇದು. ಆಮೇಲೆ ಅವನ ಸುದ್ದಿಯೂ ಇಲ್ಲ, ಸುಳಿವೂ ಇಲ್ಲ.

"ಇದು ನಿಮ್ಮ ಭಾಷೆ ಅಂದೆಯಲ್ಲ ನೀನು?" ರೋವೆನಾ ಕೇಳಿದಳು.

"ಹೌದು. ಅವನು ತುಳುವಿನವನು. ತುಳುವಿನಲ್ಲಿ ಪಾರ್ ಅಂದರೆ ಓಡಿಹೋಗು, ತಪ್ಪಿಸಿಕೋ ಅಂತ. ಕನ್ನಡದಲ್ಲೂ ಪಾರಾಗು ಅನ್ನುವುದುಂಟು. ಕೊನೆಗೆ ಆ ‘ಕುಯಾ’ ಅಂತ ಕಿರುಚುತ್ತಾನಲ್ಲ, ಅದು ಪ್ರಾಣಭಯಕ್ಕೆ ಕುಯ್ಯೋ ಅಂದದ್ದು ಅಂತ ಅವನ ತಾಯಿ ದಿನಾ ಅಳುತ್ತಾರೆ."

ರೋವೆನಾ ಚಮಚ ಕೆಳಗಿಟ್ಟಳು. ಅವಳೂ ಫೆಲ್ಸಿಯ ವಾರ್ಡಿನ ನರ್ಸೇ. ಆ ಟೋಲ್ ರಸ್ತೆ ಹಾದುಹೋಗುವ ಸೀಮೆಯ ಹೆಣ್ಣು.

"ಸಿಸ್ಟರ್, ಇದು ನಿಮ್ಮ ಭಾಷೆ ಅಲ್ಲ. ನಮ್ಮದು. ನಮ್ಮಲ್ಲಿ ಜೀಪ್‌ನಿ ಅನ್ನುವ ಬಾಡಿಗೆ ಗಾಡಿಯಲ್ಲಿ ಕೂತವರು ತಮ್ಮ ಜಾಗ ಬಂದಾಗ ಮೇಲಿನ ತಗಡಿಗೆ ಹೀಗೆ ಬಡಿಯುತ್ತಾರೆ." ಅವಳು ಮೇಜಿನ ಮೇಲೆ ಬೆರಳ ಗಂಟಿನಿಂದ ಕುಟ್ಟಿದಳು. ಟಕ್ ಟಕ್. "ಕುಯಾ ಅಂದರೆ ಅಣ್ಣ. ಪಾರಾ ಅಂದರೆ ನಿಲ್ಲಿಸು. ‘ಅಣ್ಣಾ, ಗಾಡಿ ನಿಲ್ಲಿಸು’ ಅಂತ ಅವನು ಹೇಳಿದ್ದು. ಓಡು ಅಂತ ಅಲ್ಲವೇ ಅಲ್ಲ."

ಫೆಲ್ಸಿ ಮೊಬೈಲನ್ನು ತನ್ನ ಕಡೆಗೆ ಎಳೆದುಕೊಂಡಳು.

ಈ ನಾಡಿನಲ್ಲಿ ಹೇಳದೆ ಕೇಳದೆ ಕೆಲಸ ಬಿಟ್ಟು ಹೋದವನನ್ನು ‘ಅಬ್‌ಸ್ಕಾಂಡಿಂಗ್’ ಅನ್ನುತ್ತಾರೆ. ಆ ಹಣೆಪಟ್ಟಿ ಒಮ್ಮೆ ಬಿದ್ದರೆ ಅವನ ಹೆಸರಿನಲ್ಲಿರುವ ಹೆಂಡತಿ ಮಗುವಿನ ವೀಸಾ ಕೂಡ ಒಣಗಿದ ತರಗೆಲೆ. ಮಣ್ಣಿನ ಪರೀಕ್ಷೆಯಲ್ಲಿ ಏನೋ ಎಡವಟ್ಟು ಮಾಡಿ ಹೆದರಿ ಓಡಿಹೋದ ಎಂಬುದು ಕಂಪೆನಿಯವರ ಮಾತು. ರಸ್ತೆ ತೆರೆಯುವ ತನಕ ಅವರು ಅದನ್ನು ಗಟ್ಟಿಯಾಗಿ ಹೇಳಿರಲಿಲ್ಲ. ಹೋದ ವಾರ ರಸ್ತೆ ತೆರೆಯಿತು. ವೀಸಾ ಉಳಿಸಿಕೊಡುತ್ತೇವೆ ಎಂಬ ಅವರ ಮಾತು ನಂಬಿ ಇವತ್ತು ಸಂಜೆ ದುಬೈ ಆಫೀಸಿನಲ್ಲಿ ‘ನನ್ನ ಗಂಡನೇ ಓಡಿಹೋಗುತ್ತೇನೆ ಎಂದು ತಿಳಿಸಿದ್ದ’ ಎಂದು ರಿತೇಶನ ಹೆಂಡತಿ ಯಶ್ಮಿತಾ ಹೇಳಿಕೆ ಕೊಡಬೇಕು. ಅವಳು ಹಾಗೆ ಹೇಳಿಬಿಟ್ಟರೆ ಆಯಿತು, ಖಲಾಸ್. ಆಮೇಲೆ ಓಡಿಹೋದವನನ್ನು ಯಾರು ಹುಡುಕುತ್ತಾರೆ?

"ಆ ಕಡೆಯ ಮಣ್ಣು ಎಂಥದ್ದು, ರೋವೆನಾ?"

"ಮಣ್ಣು ಎಲ್ಲಿದೆ? ನಾನು ಚಿಕ್ಕವಳಿದ್ದಾಗ ನಮ್ಮ ಬೆಟ್ಟ ಬೆಂಕಿ ಉಗುಳಿತಲ್ಲ, ಆ ಬೂದಿ. ನೋಡಲು ಗಟ್ಟಿ. ನೀರು ಕುಡಿದರೆ ಗಂಜಿ."

ರಿತೇಶನೂ ಹೆಂಡತಿಗೆ ಅದನ್ನೇ ಹೇಳಿದ್ದ. ‘ಇದು ಮಣ್ಣಲ್ಲ ಯಶ್ಮಿ, ಬೂದಿ. ಇದರ ಮೇಲೆ ಟೋಲ್ ಪ್ಲಾಜಾ ನಿಲ್ಲಿಸ್ತಾರಂತೆ. ನಾನು ಒಪ್ಪಿಗೆ ಕೊಡುವುದಿಲ್ಲ.’

ಫೆಲ್ಸಿ ಎದ್ದು ಕಿಟಕಿಯ ಹತ್ತಿರ ಹೋಗಿ ದುಬೈಯ ಅಲ್ ಕುಸೈಸ್‌ನಲ್ಲಿರುವ ಯಶ್ಮಿತಾಳ ಮನೆಗೆ ಫೋನು ಮಾಡಿದಳು. ಯಶ್ಮಿತಾಳ ಬಾಣಂತನ ನೋಡಿದವಳೇ ಅವಳು. ಆ ಸಲಿಗೆಯಿಂದಲೇ ಯಶ್ಮಿತಾ ಇವತ್ತು ಬೆಳಿಗ್ಗೆ, ಇಷ್ಟು ತಿಂಗಳು ಬಚ್ಚಿಟ್ಟಿದ್ದ ಆ ಮೆಸೇಜನ್ನು ಕಳಿಸಿದ್ದು.

"ಯಶ್ಮಿ, ಒಂದು ಕೇಳ್ತೇನೆ, ಸರಿಯಾಗಿ ಯೋಚಿಸಿ ಹೇಳು. ರಿತೇಶ್ ಓಡು ಅಂತ ಹೇಳಿದ್ದು ಅಂತ ನಿನಗೇ ಅನ್ನಿಸಿದ್ದಾ, ಯಾರಾದ್ರೂ ಹೇಳಿದ್ದಾ?"

"ಎಂತ ಆಂಟಿ ಹಾಗೆ ಕೇಳ್ತೀರಿ? ಪಾರ್ ಅಂದ್ರೆ ಓಡು ಅಂತಲೇ ಅಲ್ವಾ?"

"ಅದು ನನಗೂ ಗೊತ್ತುಂಟು. ಮೊದಲನೇ ಸಲ ಕೇಳಿದಾಗ ನಿನಗೆ ಎಂತ ಅನ್ನಿಸಿತು, ಅದನ್ನು ಹೇಳು."

ಆ ಕಡೆ ಮಗು ಹಚ್ಚಿದ ಕಾರ್ಟೂನಿನ ಸದ್ದು. ಅತ್ತೆ ಪ್ರಫುಲ್ಲಾ ಕೆಮ್ಮುವ ಸದ್ದು. ಫೆಲ್ಸಿ ಕಾದಳು. ಕಾಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ರೋಗಿ ತಾನಾಗಿ ಬಾಯಿ ಬಿಡುವ ತನಕ ಹಾಸಿಗೆಯ ಪಕ್ಕ ನಿಂತು ಅಭ್ಯಾಸವಾದವಳು.

"ಮೊದಲು ಎಂತಾಂತಲೇ ಗೊತ್ತಾಗ್ಲಿಲ್ಲ ಆಂಟಿ," ಯಶ್ಮಿತಾ ನಿಧಾನಕ್ಕೆ ಅಂದಳು. "ಇವರು ಓಡು ಅನ್ಲಿಕ್ಕೆ ಯಾವಾಗ್ಲೂ ‘ಬಲಿಪು’ ಅನ್ನೋದು. ಮಗುವಿಗೂ ಹಾಗೇ ಹೇಳ್ತಿದ್ರು. ಪಾರ್ ಅಂತ ಇವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಮೂರು ದಿನ ಬಿಟ್ಟು ಲೆಸ್ಟರಣ್ಣ ಬಂದ್ರು. ಕಣ್ಣು ಮುಚ್ಚಿ ಕೇಳಿದ್ರು. ‘ಪಾರ್ ಅಂತ ಹೇಳ್ತಿದ್ದಾನೆ ಯಶ್ಮಿ, ಓಡಿಹೋಗ್ತಿದ್ದಾನೆ’ ಅಂದ್ರು. ಅತ್ತೆ ಅಳ್ಲಿಕ್ಕೆ ಶುರು ಮಾಡಿದ್ರು. ಆಮೇಲೆ ನಮಗೆಲ್ಲ ಹಾಗೆಯೇ ಕೇಳಿಸ್ತಾ ಬಂತು."

"ಬೇರೆ ಯಾರಿಗಾದ್ರೂ ಕೇಳಿಸಿದ್ದುಂಟಾ?"

"ಇಲ್ಲ. ಯಾರಿಗೂ ಕೇಳಿಸ್ಬೇಡ, ಅವನಿಗೇ ತೊಂದರೆ ಅಂತ ಲೆಸ್ಟರಣ್ಣನೇ ಹೇಳಿದ್ದು."

ಲೆಸ್ಟರ್ ರಿತೇಶನ ಕಂಪೆನಿಯಲ್ಲೇ ಕೆಲಸ ಮಾಡುವವನು, ಮನೆಯ ಮಗನ ಹಾಗೆ ಬಂದು ಹೋಗುವವನು. ಮಗುವಿನ ಶಾಲೆ, ಪ್ರಫುಲ್ಲಕ್ಕನ ಮಾತ್ರೆ, ಎಲ್ಲ ಅವನೇ. ಬನಿಯಾಸ್‌ನಲ್ಲಿ ಮನೆ, ಅಬುಧಾಬಿಯಲ್ಲಿ ಆಫೀಸು. ‘ಆ ರಸ್ತೆಯನ್ನು ನಾನು ನಕ್ಷೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ’ ಎಂದು ಫೆಲ್ಸಿಗೂ ಹೇಳಿದ್ದ.

"ಯಶ್ಮಿ, ನಾನು ಬರುವ ತನಕ ಯಾವ ಹೇಳಿಕೆಯೂ ಕೊಡ್ಬೇಡ. ಮಗುವಿಗೆ ಜ್ವರ ಅಂತ ಹೇಳು."

"ಲೆಸ್ಟರಣ್ಣನೇ ಬರ್ತಾರಲ್ಲ ಆಂಟಿ ಕರ್ಕೊಂಡು ಹೋಗ್ಲಿಕ್ಕೆ. ಅವರ ಹತ್ರ ಸುಳ್ಳು ಹೇಳ್ಲಿಕ್ಕುಂಟಾ?"

"ಅವನ ಹತ್ರವೇ ಹೇಳು. ಕಾರಣ ಬಂದು ಹೇಳ್ತೇನೆ."

ಫೋನು ಇಟ್ಟಳೋ ಇಲ್ಲವೋ, ಮತ್ತೆ ರಿಂಗಾಯಿತು. ಲೆಸ್ಟರ್.

"ಆಂಟಿ, ಡ್ಯೂಟಿ ಮುಗಿಯಿತಲ್ಲ? ಯಶ್ಮಿಯ ಮನೆಗೆ ಹೋಗ್ತಿದ್ದೇನೆ. ನೀವೂ ಅಲ್ಲಿಗೇ ಬರ್ತೀರಂತೆ, ಪ್ರಫುಲ್ಲಕ್ಕ ಬೆಳಿಗ್ಗೆಯೇ ಹೇಳಿದ್ರು. ಈ ಧೂಳಿನಲ್ಲಿ ಬಸ್ಸಿಗೆ ಎಂತಕ್ಕೆ ಕಾಯ್ತೀರಿ? ನಾನು ಕೆಳಗೇ ಇದ್ದೇನೆ."

ಕರೆಯದೆ ಬಂದು ಕೆಳಗೆ ನಿಂತಿದ್ದಾನೆ. ಫೆಲ್ಸಿ ಒಂದು ಗಳಿಗೆ ಯೋಚಿಸಿದಳು. ಹೋಗದಿದ್ದರೆ ಅವನು ಒಬ್ಬನೇ ಯಶ್ಮಿತಾಳ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ.

"ಬಂದೆ ಪುತಾ," ಅಂದಳು, ಮಗನನ್ನು ಕರೆಯುವ ಕೊಂಕಣಿ ಮಾತಿನಲ್ಲಿ.

ಪೋರ್ಟಿಕೋದವರೆಗೆ ರೋವೆನಾ ಜೊತೆಗೆ ಬಂದಳು. ಲೆಸ್ಟರ್ ಕಂಬಕ್ಕೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದ. ರಿಸೆಪ್ಶನ್ನಿನ ಫಿಲಿಪಿನೊ ಹುಡುಗಿ ಓಡಿಬಂದು, ಆಂಬುಲೆನ್ಸ್ ಜಾಗ ಖಾಲಿ ಇರಬೇಕು, ನಿಮ್ಮ ಕಾರು ಬೇರೆ ಕಡೆ ಇದೆಯಾ ಸರ್ ಎಂದು ಕೇಳಿದಳು. ಲೆಸ್ಟರ್ ಮಾತು ನಿಲ್ಲಿಸಲಿಲ್ಲ, ಕೈಯೂ ಎತ್ತಲಿಲ್ಲ. ಎರಡೂ ಹುಬ್ಬು ಮೇಲೇರಿಸಿದ. ಆಮೇಲೆ ತುಟಿ ಚೂಪು ಮಾಡಿ ಆಚೆ ಬದಿಯ ಬಿಳಿ ಕಾರಿನ ಕಡೆಗೆ ಚಾಚಿದ. ಹುಡುಗಿ ನಕ್ಕು ಹೊರಟುಹೋದಳು.

ರೋವೆನಾಳ ಬೆರಳುಗಳು ಫೆಲ್ಸಿಯ ತೋಳನ್ನು ಅಮುಕಿದವು.

"ನೋಡಿದೆಯಾ? ಹುಬ್ಬು ಏರಿಸಿದರೆ ನಮ್ಮಲ್ಲಿ ಹೌದು ಅಂತ. ದಾರಿ ತೋರಿಸುವುದೂ ನಾವು ತುಟಿಯಲ್ಲೇ. ಅದು ಹೇಳಿಕೊಟ್ಟು ಬರುವುದಲ್ಲ ಸಿಸ್ಟರ್. ನಮ್ಮ ನಡುವೆ ಇದ್ದು, ಉಂಡು, ಮಲಗಿದವನಿಗೆ ಬರುವುದು."

"ದುಬೈಯಲ್ಲಿ ನಿಮ್ಮವರು ಕಡಿಮೆ ಇದ್ದಾರಾ? ಇಲ್ಲೇ ಕಲಿತಿರಬಹುದು," ಫೆಲ್ಸಿ ಮೆಲ್ಲಗೆ ಅಂದಳು. ಹಗ್ಗವನ್ನು ಹಾವೆಂದು ಹೊಡೆಯುವ ಪೈಕಿ ಅವಳಲ್ಲ. ಆದರೆ ಹಾವನ್ನು ಹಗ್ಗವೆಂದು ಹಿಡಿಯಲೂ ಬಾರದಲ್ಲ. "ಮುಟ್ಟಿದ ಮೇಲೆ ಮೆಸೇಜ್ ಹಾಕ್ತೇನೆ. ಹಾಕದಿದ್ದರೆ ಸುಮ್ಮನಿರಬೇಡ."

ಫೆಲ್ಸಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಲೆಸ್ಟರನ ಕಾರು ಅಬುಧಾಬಿ ದ್ವೀಪ ದಾಟುವ ಸೇತುವೆಗೆ ಬಂತು. ಟೋಲ್ ಕಮಾನು ಧೂಳಿನೊಳಗಿಂದ ಮೇಲೆದ್ದು, ತಲೆಯ ಮೇಲೆ ಹಾದು ಹಿಂದೆ ಸರಿಯಿತು. ಒಂದು ಸದ್ದೂ ಇಲ್ಲ.

"ಈ ಊರಿನ ಟೋಲಿನಲ್ಲಿ ನಿಲ್ಲಲಿಕ್ಕೇ ಇಲ್ಲ, ಅಲ್ವಾ?" ಫೆಲ್ಸಿ ಅಂದಳು. ಇಬ್ಬರೂ ಮಂಗಳೂರಿನ ಕೊಂಕಣಿಯವರು. ಮಾತು ಕೊಂಕಣಿಗೂ ಕನ್ನಡಕ್ಕೂ ಹಾರುತ್ತ ಸಾಗಿತ್ತು.

"ನಿಂತವನು ಕೆಟ್ಟ ಆಂಟಿ. ಇಲ್ಲಿ ಓಡ್ತಾ ಇರ್ಬೇಕು. ಅಲ್ಲಿಯದ್ದು ಹಾಗಲ್ಲ. ಗೇಟಿನ ಹತ್ರ ನಿಲ್ಬೇಕು, ಅಡ್ಡಕೋಲು ಏಳ್ಬೇಕು, ಗೂಡಿನಲ್ಲಿ ಕೂತ ಹುಡುಗಿ ನಗಾಡ್ಬೇಕು."

"ಎಲ್ಲಿಯದ್ದು?"

ಲೆಸ್ಟರ್ ಒಂದು ಉಸಿರಿನಷ್ಟು ತಡೆದ. "ನಮ್ಮ ಸಾನ್ ಎಲಿಯಾಸ್‌ನದ್ದು. ಫೋಟೋದಲ್ಲಿ ನೋಡಿದ್ದು."

"ಫೋಟೋದಲ್ಲಿ ನಗುವುದೂ ಕೇಳಿಸ್ತದಾ ಪುತಾ?"

ಅವನು ಜೋರಾಗಿ ನಕ್ಕ. "ರಿಟೈರ್ ಆದ ಮೇಲೆ ನೀವು ಸಿಐಡಿ ಆಫೀಸ್ ತೆಗೀರಿ ಆಂಟಿ. ಬೋರ್ಡು ನಾನು ಬರೆಸಿ ಕೊಡ್ತೇನೆ."

"ನೀನೇ ಮೊದಲ ಗಿರಾಕಿಯಾ?"

ನಗು ಅರ್ಧಕ್ಕೆ ಒಣಗಿತು. ಏಸಿ ಜೋರು ಮಾಡಿದ. ಆಮೇಲೆ ಅವನು ಆ ರಸ್ತೆಯನ್ನು ಹೊಗಳಲು ತೊಡಗಿದ. ಅರ್ಧ ದಿನದ ದಾರಿ ಈಗ ಊಟದ ಹೊತ್ತಿಗೆ ಮುಗಿಯುತ್ತದಂತೆ. ಇನ್ನೊಂದು ಹಂತ ಮುಗಿದರೆ ಬಂದರಿನವರೆಗೂ ಹೋಗುತ್ತದಂತೆ. ರೈತರ ಅಕ್ಕಿ ಹಾಳಾಗದೆ ಪೇಟೆ ಸೇರುತ್ತದಂತೆ.

"ಗದ್ದೆಯನ್ನೇ ರಸ್ತೆಗೆ ಕೊಟ್ಟ ಮೇಲೆ ಅಕ್ಕಿ ಎಲ್ಲಿಂದ ಬರ್ತದೆ ಮಾರಾಯ?"

"ನಿಮ್ಮ ಹತ್ರ ಮಾತಾಡಿ ಗೆಲ್ಲಲಿಕ್ಕಾಗುವುದಿಲ್ಲ." ಲೆಸ್ಟರ್ ಕನ್ನಡಿಯಲ್ಲಿ ಹಿಂದೆ ನೋಡಿದ. ದನಿ ಬದಲಾಗಿರಲಿಲ್ಲ, ನಯವಾಗಿಯೇ ಇತ್ತು. "ಯಶ್ಮಿ ನಿಮಗೆ ಆ ಮೆಸೇಜ್ ಕಳಿಸಿದ್ದಾಳಂತೆ ಆಂಟಿ?"

ಇದಕ್ಕೇ ಕೆಳಗೆ ಬಂದು ನಿಂತದ್ದು. ಪ್ರಫುಲ್ಲಕ್ಕನ ಹೊಟ್ಟೆಯಲ್ಲಿ ನೀರೂ ನಿಲ್ಲುವುದಿಲ್ಲ, ಪಾಪ.

"ಕಳಿಸಿದ್ದಾಳೆ. ಕೇಳಿದೆ. ಓಡು ಅಂತ ಹೇಳ್ತಿದ್ದಾನೆ, ಅಲ್ವಾ?"

"ಹೌದಲ್ಲ ಆಂಟಿ. ಎಂತ ಮಾಡುವುದು? ಅವನ ಹಣೆಬರಹ."

ಫೆಲ್ಸಿ ಮುಂದಕ್ಕೆ ನೋಡಿದಳು. ಅಬುಧಾಬಿ ಹಿಂದುಳಿದಿತ್ತು. ಎರಡೂ ಬದಿಗೆ ಮರಳು, ಮರಳಿನ ಮೇಲೆ ಮರಳಿನದೇ ಹೊಗೆ. ಲೆಸ್ಟರ್ ಬಲತುದಿಯ ಸಾಲಿನಲ್ಲಿ ಒಂದು ಟ್ರಕ್ಕಿನ ಹಿಂದೆ ಹೋಗುತ್ತಿದ್ದ. ಅವಳು ಬದಿಯ ಕನ್ನಡಿಯಲ್ಲಿ ಹಿಂದಿನ ದಾರಿ ನೋಡಿಕೊಂಡಳು. ಹಿಂದೆ ಬರುತ್ತಿದ್ದ ವಾಹನ ದೂರವಿತ್ತು. ಸೀಟ್ ಬೆಲ್ಟನ್ನು ಎದೆಗೆ ಬಿಗಿಹಿಡಿದಳು. ಮನಸ್ಸಿನಲ್ಲಿ ಮಾತೆ ಮರಿಯಮ್ಮನನ್ನು ನೆನೆದಳು.

ಉಂಗುರದ ಬೆರಳಿನಿಂದ ಕಿಟಕಿಯ ಗಾಜಿಗೆ ಬಡಿದಳು. ಟಕ್ ಟಕ್.

"ಪಾರಾ! ಕುಯಾ, ಪಾರಾ!"

ಟಯರು ಕಿರ್ರೆಂದಿತು. ಕಾರು ಮುಗ್ಗರಿಸಿ, ಮೂಗು ಕೆಳಗೆ ಮಾಡಿ, ರಸ್ತೆಯಂಚಿನ ಹಳದಿ ಗೆರೆ ದಾಟಿ ನಿಂತಿತು. ಹಿಂದಿನಿಂದ ಬಂದ ಟ್ರಕ್ಕು ಹಾರ್ನ್ ಹೊಡೆಯುತ್ತ ಪಕ್ಕದಲ್ಲೇ ಹಾದುಹೋಯಿತು. ಇಡೀ ಕಾರು ನಡುಗಿತು.

"ಹುಚ್ಚಾ ಆಂಟಿ ನಿಮಗೆ? ಇಬ್ಬರೂ ಸಾಯ್ತಿದ್ದೆವು!"

"ನಾನು ಎಂತ ಹೇಳಿದೆ?"

"ಎಂತ ಅಂದ್ರೆ... ಪಾರಾ ಅಂದ್ರಿ!"

"ಪಾರಾ ಅಂದ್ರೆ ಎಂತ?"

ಅವನು ಸ್ಟಿಯರಿಂಗನ್ನು ಎರಡೂ ಕೈಯಿಂದ ಬಿಗಿಹಿಡಿದ.

"ಹೇಳು ಪುತಾ. ಯಶ್ಮಿಗೆ ಹೇಳಿದ್ದನ್ನೇ ಹೇಳು. ಪಾರಾ ಅಂದ್ರೆ ಓಡು, ಅಲ್ವಾ? ಓಡು ಅಂದದ್ದಕ್ಕೆ ನೀನು ನಿಲ್ಲಿಸಿದ್ದು ಯಾಕೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಲೆಸ್ಟರ್ ಹೆಗಲು ಮುಟ್ಟಲಿಲ್ಲ. ತನ್ನ ಬಲಗಾಲನ್ನು ನೋಡಿಕೊಂಡ. ಅದು ಇನ್ನೂ ಬ್ರೇಕನ್ನು ಒತ್ತಿಕೊಂಡೇ ಇತ್ತು, ಯಜಮಾನನ ಮಾತು ಕೇಳದ ನಾಯಿಯ ಹಾಗೆ.

"ತುಟಿ ತೋರಿಸಲಿಕ್ಕೆ ಇಲ್ಲಿ ಕಲಿತೆ ಅಂತ ಹೇಳು, ಒಪ್ತೇನೆ," ಫೆಲ್ಸಿ ಅಂದಳು. "ಈ ಊರಿನಲ್ಲಿ ಕಾರಿನ ಗಾಜಿಗೆ ಬಡಿದು ಪಾರಾ ಅನ್ನುವವರು ಯಾರೂ ಇಲ್ಲ. ಕಾಲಿಗೆ ಈ ಪಾಠ ಆಗಬೇಕಾದರೆ ಅಲ್ಲಿ ಗಾಡಿ ಬಿಟ್ಟಿರಬೇಕು, ದಿನಾ ಬಿಟ್ಟಿರಬೇಕು. ತುಳುವೂ ಗೊತ್ತು ನಿನಗೆ, ಅವರ ಭಾಷೆಯೂ ಗೊತ್ತು. ಎರಡೂ ಗೊತ್ತಿದ್ದವನು ನೀನೊಬ್ಬನೇ. ಆ ತಾಯಿ ಎದುರು ಕೂತು, ನಿಲ್ಲಿಸು ಅಂದದ್ದನ್ನು ಓಡು ಅಂತ ಮಾಡಿದೆಯಲ್ಲ?"

ಗಾಳಿ ಮರಳನ್ನು ಹೊತ್ತು ತಂದು ಬಾಗಿಲಿಗೆ ಉಜ್ಜುತ್ತಿತ್ತು. ಲೆಸ್ಟರ್ ಗೇರು ಹಾಕಿದ. ಕಾರು ಮತ್ತೆ ರಸ್ತೆಗೆ ಏರಿತು.

"ಆ ಫಿಲಿಪಿನೊ ಸಿಸ್ಟರಿಗೆ ಕೇಳಿಸಿದ್ರಿ, ಅಲ್ವಾ? ಪೋರ್ಟಿಕೋದಲ್ಲಿ ನಿಂತಿದ್ದಳಲ್ಲ, ಅವಳು."

ಫೆಲ್ಸಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಸೈಟಿನಲ್ಲಿ ಎಲ್ಲರೂ ನನ್ನನ್ನು ಕುಯಾ ಅಂತಲೇ ಕರೀತಿದ್ರು ಆಂಟಿ. ರಿತೇಶ್ ತಮಾಷೆಗೆ ಕರೀತಿದ್ದ. ಆ ದಿನ ಪಿಕಪ್ ನಾನೇ ಬಿಡ್ತಿದ್ದೆ. ಅವನು ಹಿಂದೆ ತೊಟ್ಟಿಯಲ್ಲಿ ನಿಂತು ಯಶ್ಮಿಗೆ ಮೆಸೇಜ್ ಮಾಡ್ತಾ ಬರ್ತಿದ್ದ." ಅವನು ಮಾತಾಡುತ್ತಿದ್ದುದು ಫೆಲ್ಸಿಯ ಹತ್ತಿರವೋ ಗಾಜಿನ ಹತ್ತಿರವೋ ತಿಳಿಯುವಂತಿರಲಿಲ್ಲ. "ಎಂತದೋ ಕಂಡಿತು ಅವನಿಗೆ. ತಗಡಿಗೆ ಬಡಿದ. ಪಾರಾ ಅಂದ. ನಿಲ್ಲಿಸ್ಬಾರದು ಅಂತ ನನಗೆ ಮೊದಲೇ ಹೇಳಿದ್ರು, ಆ ಜಾಗದಲ್ಲಿ ಮಾತ್ರ ನಿಲ್ಲಿಸ್ಬಾರದು ಅಂತ. ಆದರೆ ಕಾಲು ಕೇಳ್ಲಿಲ್ಲ. ಈಗ ನಿಲ್ಲಿಸಿದೆನಲ್ಲ, ಹೀಗೆಯೇ. ನಾನು ನಿಲ್ಲಿಸಿದೆ ಆಂಟಿ. ನಿಲ್ಲಿಸದಿದ್ದರೆ ಅವನು ಇವತ್ತು ಮನೆಯಲ್ಲಿ ಚಹಾ ಕುಡೀತಿದ್ದ."

"ಯಾರು ಹೇಳಿದ್ದು, ನಿಲ್ಲಿಸ್ಬಾರದು ಅಂತ?"

ಅವನು ಅದಕ್ಕೆ ಕಿವಿಗೊಡಲಿಲ್ಲ. "ನಿಲ್ಲಿಸಿದೆ. ಅವನು ಇಳಿದ."

"ಇಳಿದು?"

ಕಾರಿನ ವೇಗ ಏರುತ್ತಿತ್ತು. ಟ್ರಕ್ಕುಗಳು ಒಂದೊಂದಾಗಿ ಹಿಂದೆ ಬಿದ್ದವು.

"ಲೆಸ್ಟರ್, ರಿತೇಶ್ ಎಲ್ಲಿದ್ದಾನೆ?"

ಅವನ ಎರಡೂ ಕೈ ಸ್ಟಿಯರಿಂಗ್ ಮೇಲೇ ಇದ್ದವು. ಮುಂದೆ ಧೂಳಿನೊಳಗಿಂದ ದುಬೈಯ ಮೊದಲ ಟೋಲ್ ಕಮಾನು ನಿಧಾನವಾಗಿ ಮೂಡುತ್ತಿತ್ತು. ಲೆಸ್ಟರ್ ತುಟಿ ಚೂಪು ಮಾಡಿದ. ಅದರ ಕಡೆಗೆ ಚಾಚಿದ. ಕಮಾನಿನ ಮೇಲಕ್ಕಲ್ಲ, ಅದರ ಕಾಲು ನೆಲದೊಳಗೆ ಇಳಿದ ಕಡೆಗೆ.

ಫೆಲ್ಸಿಗೆ ಸಾನ್ ಎಲಿಯಾಸ್ ಕಣ್ಣಿಗೆ ಕಟ್ಟಿತು, ಗೇಟಿನ ಕಂಬದಡಿ ರಿತೇಶ್. ಬೂದಿಮಣ್ಣು. ಅದರ ಮೇಲೆ ಹೊಸ ಟೋಲ್ ಗೇಟು. ಗೂಡಿನಲ್ಲಿ ನಗುವ ಹುಡುಗಿ.

ಆಗ ಡ್ಯಾಶ್‌ಬೋರ್ಡಿನ ಮೇಲಿದ್ದ ಲೆಸ್ಟರನ ಫೋನು ಮಿನುಗಿತು. ಅವನು ಬೆರಳು ತಾಗಿಸಿದ. ಕಾರಿನ ತುಂಬ ಯಶ್ಮಿತಾಳ ದನಿ.

"ಲೆಸ್ಟರಣ್ಣ, ಮಗುವಿಗೆ ಜ್ವರ ಅಂತ ಆಗ ಹೇಳಿದ್ದು ಸುಳ್ಳು, ಬೇಜಾರು ಮಾಡ್ಬೇಡಿ. ಫೆಲ್ಸಿ ಆಂಟಿ ಹೇಳಿದ್ದಕ್ಕೆ ಹೇಳಿದ್ದು. ಇವತ್ತೇ ಮುಗಿಸಿಬಿಡು ಅಂತಿದ್ದಾರೆ ಅತ್ತೆ. ನೀವು ಕಳಿಸಿದ ಕಾರು ಬಂತು. ಹತ್ತಿ ಕೂತೆ. ಡ್ರೈವರ್ ಒಳ್ಳೆಯವರ ಹಾಗೆ ಕಾಣ್ತಾರೆ, ಫಿಲಿಪಿನೊ. ಆದರೆ ಆಫೀಸಿನ ತಿರುವು ಹಿಂದೆಯೇ ಹೋಯ್ತಲ್ಲ ಅಣ್ಣ? ಇವರಿಗೆ ನಿಲ್ಲಿಸಿ ಅಂತ ಹೇಗೆ ಹೇಳುವುದು?"

ಫೆಲ್ಸಿ ತನ್ನ ಫೋನಿಗೆ ಕೈ ಹಾಕಿದಳು. ಕೈಚೀಲ ಮಡಿಲಲ್ಲೇ ಇತ್ತು. ಲೆಸ್ಟರನ ಕೈ ಅದರ ಮೇಲೆ ಬಿತ್ತು, ಮೆಲ್ಲಗೆ, ಮಗುವನ್ನು ತಟ್ಟುವ ಹಾಗೆ. ನಾಲ್ಕೂ ಬಾಗಿಲುಗಳು ಒಟ್ಟಿಗೆ ಚಕ್ಕೆಂದು ಬಿಗಿದುಕೊಂಡವು.

ಅವಳು ಇನ್ನೊಂದು ಕೈಯಿಂದ ಗಾಜಿಗೆ ಬಡಿದಳು. ಟಕ್ ಟಕ್. ಈ ಸಲ ಪರೀಕ್ಷೆಗಲ್ಲ.

"ಪಾರಾ," ಅಂದಳು. "ಲೆಸ್ಟರ್, ಪಾರಾ!"

ಕಮಾನು ತಲೆ ಮೇಲೆ ಹಾದುಹೋಯಿತು. ಅವನ ಬಲಗಾಲು ಆಕ್ಸಿಲರೇಟರಿನ ಮೇಲಿಂದ ಅಲುಗಲಿಲ್ಲ.